ಬಿತ್ತದೆ ಬಿಟ್ಟ ಮೋಡ

(ತಾಲ್ಲೂಕು ಗ್ರಂಥಾಲಯದ ಸಭಾಂಗಣದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲ ಬಳಿ ಒಬ್ಬ ಹಿರಿಯರು ನನ್ನ ಕೈ ಹಿಡಿದು ನಿಲ್ಲಿಸಿದರು. "ಸರ, ಇವತ್ತ ಮೋಡ ಬಿತ್ತನಿ ಬಗ್ಗೆ ಹೇಳ್ತೀರಂತಲ್ಲ. ಒಂದ ಮಾತು ಮೊದಲ ಹೇಳಿಬಿಡ್ರಿ. ಆ ಇಮಾನ ಬಂದು ಮೋಡ ಕೂಡಸ್ತದೋ, ಓಡಸ್ತದೋ?" ಅಂದರು. ಅವರ ಊರಿನ ಮೇಲೆ ವಿಮಾನ ಹಾರಿತ್ತಂತೆ, ಆಮೇಲೆ ನಾಲ್ಕು ದಿನ ಹನಿ ಬೀಳಲಿಲ್ಲವಂತೆ. ಅವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅಜ್ಜಾರೆ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಈಗಲೇ ಕೊಡುತ್ತೇನೆ. ವಿಮಾನ ಮೋಡವನ್ನು ಕೂಡಿಸುವುದೂ ಇಲ್ಲ, ಓಡಿಸುವುದೂ ಇಲ್ಲ. ಆಗಲೇ ಮಳೆಗೆ ತಯಾರಾಗಿ ನಿಂತ ಮೋಡವನ್ನು ಹುಡುಕಿಕೊಂಡು ಹೋಗಿ, ಅದರೊಳಗೆ ಒಂದು ಚಿಟಿಕೆ ಪುಡಿ ಹಾಕಿ ಬರುತ್ತದೆ. ಉಳಿದರ್ಧ ಉತ್ತರ ಕಷ್ಟದ್ದು. ಅದನ್ನು ಹುಡುಕಲು ಜಗತ್ತಿಗೆ ಎಪ್ಪತ್ತು ವರ್ಷ ಬೇಕಾಯಿತು. ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ.

ನಾನು ಹುಟ್ಟಿದ್ದು ಕೊಪ್ಪಳದ ಕಡೆ. ಮಳೆ ಹೋದ ವರ್ಷ ನಮ್ಮೂರಲ್ಲಿ ಗುರ್ಜಿ ಹೊರುತ್ತಿದ್ದರು. ಹುಡುಗನೊಬ್ಬ ತಲೆಯ ಮೇಲೆ ಹಂಚು ಇಟ್ಟುಕೊಂಡು, ಅದರ ಮೇಲೆ ಸೆಗಣಿಯ ಗುರ್ಜವ್ವನನ್ನು ಕೂರಿಸಿಕೊಂಡು ಮನೆ ಮನೆಗೆ ಬರುತ್ತಿದ್ದ. ಮನೆಯವರು ಕೊಡದಿಂದ ನೀರು ಸುರಿಯುತ್ತಿದ್ದರು, ಅವನು ಗಿರಗಿರ ತಿರುಗುತ್ತಿದ್ದ. ಒಂದು ವರ್ಷ ಗುರ್ಜಿ ಹೊತ್ತ ಮೂರನೆಯ ದಿನವೇ ಕೆರೆ ಕೋಡಿ ಬೀಳುವಂಥ ಮಳೆ ಬಂತು. ನಮ್ಮಜ್ಜಿ ಸಾಯುವ ತನಕ ಆ ಮಳೆಯ ಮಾತಾಡುತ್ತಿದ್ದಳು. ಗುರ್ಜಿ ಹೊತ್ತರೂ ಬಾರದ ಮಳೆಗಳ ಲೆಕ್ಕ ಮಾತ್ರ ಮನೆಯಲ್ಲಿ ಯಾರ ನೆನಪಿನಲ್ಲೂ ಉಳಿಯಲಿಲ್ಲ. ಇದನ್ನು ನೆನಪಿನಲ್ಲಿಡಿ. ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿಯೊಬ್ಬರು ಇದೇ ಜಾಗದಲ್ಲಿ ಎಡವಿದ ಕತೆಯನ್ನು ಮುಂದೆ ಹೇಳಲಿದ್ದೇನೆ.

ಮೊದಲು ಮೋಡ ಅಂದರೇನು ಅಂತ ನೋಡೋಣ. ಮೋಡ ಆವಿಯಲ್ಲ, ನೀರಿನ ಹನಿ. ಆದರೆ ಎಷ್ಟು ಸಣ್ಣ ಹನಿ ಅಂದರೆ, ಸುಮಾರು 10 ಲಕ್ಷ ಮೋಡದ ಹನಿ ಒಂದಾದರೆ ನಮ್ಮ ಅಂಗೈಗೆ ಬೀಳುವ ಒಂದು ಮಳೆಹನಿ. ಹಾಗಾಗಿ ತಲೆಯ ಮೇಲೆ ಮೋಡ ತುಂಬಿದ್ದರೂ ಅದು ತೇಲಿಕೊಂಡೇ ಹೋಗಿಬಿಡಬಹುದು. ಈ 10 ಲಕ್ಷ ಹನಿಗಳನ್ನು ಒಂದು ಮಾಡುವವರು ಯಾರು ಅನ್ನುವುದೇ ಮಳೆಯ ಪ್ರಶ್ನೆ.

ಒಂದು ದಾರಿ ಮಂಜಿನದು. ಸೊನ್ನೆ ಡಿಗ್ರಿಗೆ ನೀರು ಗಡ್ಡೆಯಾಗುತ್ತದೆ ಅಂತ ನಾವು ಮಕ್ಕಳಿಗೆ ಕಲಿಸುತ್ತೇವೆ. ಮೋಡದ ಹನಿ ಈ ಪಾಠ ಕೇಳುವುದಿಲ್ಲ. ಅದು ಸೊನ್ನೆಗಿಂತ 10, 20, 30 ಡಿಗ್ರಿ ಕೆಳಗಿಳಿದರೂ ನೀರಾಗಿಯೇ ಇರಬಲ್ಲದು. ಹಾಲು ತಾನಾಗಿ ಮೊಸರಾಗುವುದಿಲ್ಲ, ಹೆಪ್ಪು ಬೇಕು. ಈ ಹನಿಗಳಿಗೂ ಹಾಗೆಯೇ. ಒಂದು ಕಣ ಹೆಪ್ಪು ಸಿಕ್ಕಿದರೆ ಹನಿ ಹರಳಾಗುತ್ತದೆ. ಹರಳಾದದ್ದಕ್ಕೆ ಆವಿಯನ್ನು ಎಳೆದುಕೊಳ್ಳುವ ಶಕ್ತಿ ನೀರಿನ ಹನಿಗಿಂತ ಹೆಚ್ಚು. ಸುತ್ತಲ ಹನಿಗಳು ಆರುತ್ತಾ ಹೋಗುತ್ತವೆ, ಹರಳು ಬೆಳೆಯುತ್ತಾ ಹೋಗುತ್ತದೆ, ಭಾರವಾಗಿ ಬೀಳುತ್ತದೆ. ಇದರ ಸುಳಿವನ್ನು ಜರ್ಮನಿಯ ಆಲ್ಫ್ರೆಡ್ ವೆಗೆನರ್ 1911ರಲ್ಲೇ ಕೊಟ್ಟಿದ್ದರು. ಭೂಖಂಡಗಳು ಸರಿಯುತ್ತವೆ ಅಂದವರೂ ಇವರೇ. 1930ರ ದಶಕದಲ್ಲಿ ಸ್ವೀಡನ್ನಿನ ಟೋರ್ ಬೆರ್ಯೆರಾನ್ ಮತ್ತು ಜರ್ಮನಿಯ ವಾಲ್ಟರ್ ಫಿಂಡೈಸನ್ ಅದನ್ನು ಮಳೆಯ ಸಿದ್ಧಾಂತವಾಗಿ ಬೆಳೆಸಿದರು.

ಹೆಪ್ಪು ಹಾಕುವ ಕೈ ಮಾತ್ರ ಇನ್ನೂ ಬಂದಿರಲಿಲ್ಲ.

ಅದು ಬಂದದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಎಂಬ ಊರಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ. ಕೈಯ ಹೆಸರು ವಿನ್ಸೆಂಟ್ ಶೇಫರ್. ಈ ಮನುಷ್ಯನ ಬಗ್ಗೆ ನನಗೆ ತುಂಬ ಪ್ರೀತಿ, ಅದನ್ನು ಮುಚ್ಚಿಡುವುದಿಲ್ಲ. ಮನೆಯ ಕಷ್ಟಕ್ಕೆ ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟವರು. ಕಂಪನಿಯ ಯಂತ್ರದ ಶಾಪಿನಲ್ಲಿ ಕೆಲಸ ಕಲಿಯಲು ಸೇರಿದವರು, ನಡುವೆ ಕೆಲಕಾಲ ಮರಗಳ ಆರೈಕೆಯ ಕೆಲಸ ಮಾಡಿದವರು. ಪ್ರಯೋಗಾಲಯದ ದೊಡ್ಡ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಅವರಿಗೆ ಉಪಕರಣಗಳನ್ನು ಮಾಡಿಕೊಡುತ್ತಾ ಅವರ ಸಹಾಯಕರಾದರು. ಲ್ಯಾಂಗ್‌ಮ್ಯೂರ್ ಅವರಿಗೆ 1932ರ ರಸಾಯನಶಾಸ್ತ್ರದ ನೊಬೆಲ್ ಬಂದಿತ್ತು. ಗುಡ್ಡ ಹತ್ತುವ ಹುಚ್ಚು ಇಬ್ಬರಿಗೂ ಇತ್ತು. ಯುದ್ಧದ ಕಾಲದಲ್ಲಿ ನ್ಯೂ ಹ್ಯಾಂಪ್‌ಷೈರಿನ ಮೌಂಟ್ ವಾಷಿಂಗ್ಟನ್ ಶಿಖರದ ಮೇಲೆ, ವಿಮಾನದ ರೆಕ್ಕೆಗೆ ಮಂಜು ಯಾಕೆ ಕಟ್ಟುತ್ತದೆ ಅಂತ ನೋಡುವ ಕೆಲಸ ಬಂತು. ಸೊನ್ನೆಗಿಂತ ಕೆಳಗಿದ್ದರೂ ಹೆಪ್ಪುಗಟ್ಟದ ಮೋಡ ಅಲ್ಲಿ ಅವರ ಮುಖಕ್ಕೇ ಬಡಿಯುತ್ತಿತ್ತು.

ಶೇಫರ್ ಈ ಮೋಡವನ್ನು ಕೆಳಗೆ ತಂದರು. ಮನೆಯಲ್ಲಿ ಬಳಸುವ, ಮೇಲಿನಿಂದ ಬಾಗಿಲು ತೆರೆಯುವ ಫ್ರೀಜರ್ ಪೆಟ್ಟಿಗೆ. ಒಳಗೆ ಕಪ್ಪು ಮಖಮಲ್ಲು ಹೊದಿಸಿದರು, ಮೇಲಿಂದ ದೀಪದ ಕಿರಣ ಹಾಯಿಸಿದರು. ಬಾಗಿ ಒಳಗೆ ಉಸಿರು ಬಿಟ್ಟರೆ ಅದೇ ಮೋಡ. ತಂಪು ಗಾಳಿ ಕೆಳಗೇ ಕೂರುವುದರಿಂದ ಬಾಗಿಲು ತೆರೆದೇ ಇದ್ದರೂ ಮೋಡ ಅಲ್ಲೇ ನಿಲ್ಲುತ್ತಿತ್ತು. ಆಮೇಲೆ ಏನೇನೋ ಪುಡಿ ಉದುರಿಸಿ ನೋಡಿದರು. ಮಣ್ಣು, ಉಪ್ಪು, ಧೂಳು. ಮೋಡ ಮೋಡವಾಗಿಯೇ ಇತ್ತು.

1946ರ ಜುಲೈ. ಸೆಕೆ ಜಾಸ್ತಿ, ಪೆಟ್ಟಿಗೆ ಸಾಕಷ್ಟು ತಣ್ಣಗಾಗಿರಲಿಲ್ಲ. ತಂಪು ಹೆಚ್ಚಿಸಲು ಶೇಫರ್ ಒಂದು ತುಂಡು ಡ್ರೈ ಐಸ್ ಒಳಗಿಟ್ಟರು. ಇಂಗಾಲದ ಡೈಆಕ್ಸೈಡ್ ಗಟ್ಟಿಯಾದದ್ದು ಅದು, ಸೊನ್ನೆಗಿಂತ 78 ಡಿಗ್ರಿ ಕೆಳಗಿರುತ್ತದೆ. ದೀಪದ ಕಿರಣದಲ್ಲಿ ಒಮ್ಮೆಲೇ ಲಕ್ಷ ಲಕ್ಷ ಹರಳು ಮಿನುಗಿದವು. ಮೋಡ ಕಣ್ಣೆದುರೇ ಹಿಮವಾಗಿತ್ತು. ಡ್ರೈ ಐಸಿನಲ್ಲಿ ವಿಶೇಷವಾದ ಗುಣವೇನಾದರೂ ಇದೆಯೇ ಅಂತ ಅವರು ಪರೀಕ್ಷೆ ಮಾಡಿದರು. ದ್ರವ ಗಾಳಿಯಲ್ಲಿ ಅದ್ದಿದ ಸೂಜಿಯನ್ನು ಒಮ್ಮೆ ಆಡಿಸಿದರೂ ಅದೇ ಆಯಿತು. ಅಂದರೆ ಕೆಲಸ ಮಾಡಿದ್ದು ಬರೀ ಚಳಿ. ಸುಮಾರು ಮೈನಸ್ 39 ಡಿಗ್ರಿ ದಾಟಿದರೆ ಹನಿಗಳಿಗೆ ಹೆಪ್ಪೂ ಬೇಡ, ತಾವೇ ಹರಳಾಗುತ್ತವೆ.

ಪೆಟ್ಟಿಗೆಯಲ್ಲಿ ಆದದ್ದು ಆಕಾಶದಲ್ಲಿ ಆಗುತ್ತದೆಯೇ? ತಕ್ಕ ಮೋಡಕ್ಕಾಗಿ ನವೆಂಬರ್ ತನಕ ಕಾಯಬೇಕಾಯಿತು. 1946ರ ನವೆಂಬರ್ 13ರ ಬೆಳಿಗ್ಗೆ ಕರ್ಟಿಸ್ ಟಾಲ್ಬಟ್ ಎಂಬ ಪೈಲಟ್ ಜೊತೆ ಶೇಫರ್ ಒಂದು ಸಣ್ಣ ಫೇರ್‌ಚೈಲ್ಡ್ ವಿಮಾನದಲ್ಲಿ ಹೊರಟರು. ಲ್ಯಾಂಗ್‌ಮ್ಯೂರ್ ವಿಮಾನ ನಿಲ್ದಾಣದ ಗೋಪುರದಿಂದ ನೋಡುತ್ತಾ ನಿಂತರು. ಪೂರ್ವಕ್ಕೆ, ಮ್ಯಾಸಚೂಸೆಟ್ಸಿನ ಗ್ರೇಲಾಕ್ ಬೆಟ್ಟದ ಕಡೆ, 14,000 ಅಡಿಯಲ್ಲಿ ಉದ್ದನೆಯ ಮೋಡವೊಂದು ಸಿಕ್ಕಿತು. ಒಳಗೆ ಮೈನಸ್ 18.5 ಡಿಗ್ರಿ. ಮೊದಲ ಸುತ್ತಿನಲ್ಲಿ ಮೂರು ಪೌಂಡ್, ಅಂದರೆ 1.4 ಕೆ.ಜಿ.ಗಿಂತ ತುಸು ಕಡಿಮೆ ಡ್ರೈ ಐಸ್ ಪುಡಿ ಬಿತ್ತು. ಶೇಫರ್ ಹಿಂತಿರುಗಿ ನೋಡಿದರೆ, ಈಗ ತಾನೇ ದಾಟಿ ಬಂದ ಮೋಡದ ಬುಡದಿಂದ ಹಿಮದ ಉದ್ದುದ್ದ ಎಳೆಗಳು ಇಳಿಯುತ್ತಿದ್ದವು. ವಿಮಾನ ತಿರುಗಿಸಿ ಅಂತ ಕೂಗಿದರು. ಎರಡನೆಯ ಸುತ್ತಿನಲ್ಲಿ ಕಿಟಕಿ ತೆರೆದರೆ ಸಾಕು, ಹೊರಗಿನ ಗಾಳಿಯೇ ಪುಡಿಯನ್ನು ಎಳೆದುಕೊಂಡಿತು. ಸುತ್ತಲೂ ಹರಳುಗಳ ಹೊಳಪು. ಪುಟ್ಟ ವಿಮಾನದೊಳಗೆ ಇಬ್ಬರೂ ಕೈ ಕುಲುಕಿದರು.

ಆ ಹಿಮ ಎರಡು ಮೂರು ಸಾವಿರ ಅಡಿ ಇಳಿದು, ಕೆಳಗಿನ ಒಣ ಗಾಳಿಯಲ್ಲಿ ಆರಿಹೋಯಿತು. ನೆಲಕ್ಕೆ ಬರಲಿಲ್ಲ. ಆದರೂ ಮನುಷ್ಯ ಮೋಡವನ್ನು ಮುಟ್ಟಿದ, ಮೋಡ ಬದಲಾಯಿತು. ಇದರಲ್ಲಿ ಅನುಮಾನ ಇಲ್ಲ, ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಇಂಥ ಪ್ರಯತ್ನ ಅದಕ್ಕೆ ಮುಂಚೆ ನಡೆದೇ ಇರಲಿಲ್ಲ ಅಂತಲ್ಲ. ಹಾಲೆಂಡಿನಲ್ಲಿ ಆಗಸ್ಟ್ ವೆರಾರ್ಟ್ ಎಂಬವರು 1930ರಲ್ಲೇ ವಿಮಾನದಿಂದ ಡ್ರೈ ಐಸ್ ಚೆಲ್ಲಿದ್ದರು. ಯಾಕೆ ಕೆಲಸ ಮಾಡುತ್ತದೆ ಅನ್ನುವ ತಿಳಿವಳಿಕೆ ಜೊತೆಗಿರಲಿಲ್ಲ, ಹಾಗಾಗಿ ಅದು ಮುಂದುವರಿಯಲಿಲ್ಲ.

ಮರುದಿನ, ನವೆಂಬರ್ 14. ಅದೇ ಪ್ರಯೋಗಾಲಯದ ಬರ್ನಾರ್ಡ್ ವೊನೆಗಟ್ ಇನ್ನೊಂದು ಹೆಪ್ಪು ಕಂಡುಹಿಡಿದರು. ಅವರ ದಾರಿ ಚಳಿಯದಲ್ಲ, ಆಕಾರದ್ದು. ಮಂಜಿನ ಹರಳಿನಲ್ಲಿ ಅಣುಗಳು ಕೂರುವ ಅಳತೆಗೆ ಹತ್ತಿರದ ಅಳತೆ ಯಾವ ವಸ್ತುವಿಗಿದೆ ಅಂತ ಹರಳುಗಳ ಪಟ್ಟಿಯಲ್ಲಿ ಹುಡುಕಿದರು. ಸಿಲ್ವರ್ ಅಯೋಡೈಡ್ ಸಿಕ್ಕಿತು. ಮೊದಲು ಹಾಕಿದ್ದು ಕೆಲಸವನ್ನೇ ಮಾಡಲಿಲ್ಲ. ಇನ್ನೊಬ್ಬರಾಗಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದರು. ಇವರು ಪುಡಿ ಶುದ್ಧವಾಗಿಲ್ಲ ಅಂತ ಗುರುತಿಸಿ, ಶುದ್ಧವಾದದ್ದನ್ನು ಹೊಗೆ ಮಾಡಿ ಹಾಯಿಸಿದರು. ಪೆಟ್ಟಿಗೆ ಹಿಮದಿಂದ ತುಂಬಿತು. ಡ್ರೈ ಐಸನ್ನು ಮೋಡದ ತನಕ ಹೊತ್ತುಕೊಂಡೇ ಹೋಗಬೇಕು. ಇದು ಹೊಗೆ, ನೆಲದಿಂದ ಬಿಟ್ಟರೂ ಏರುತ್ತದೆ. ಗ್ರಾಂ ಲೆಕ್ಕದ ಪುಡಿಯಿಂದ ಕೋಟಿ ಕೋಟಿ ಕಣ. ಇವತ್ತಿಗೂ ಜಗತ್ತಿನ ಹೆಚ್ಚಿನ ಕಡೆ ತಂಪು ಮೋಡಗಳಿಗೆ ಹಾಕುವುದು ಇದನ್ನೇ.

ಇಲ್ಲಿಂದ ಮುಂದೆ ಕತೆ ಬೇರೆ ದಾರಿ ಹಿಡಿಯುತ್ತದೆ. ಅದೇ ಡಿಸೆಂಬರ್ 20ರಂದು ಶೇಫರ್ ಮತ್ತೆ ಬಿತ್ತಿದರು. ಅಂದು ಆ ಸೀಮೆಯಲ್ಲೆಲ್ಲ ಹಿಮ ಜೋರಾಗಿ ಸುರಿಯಿತು. ನಮ್ಮಿಂದ ಅಂತ ಹೇಳಬಹುದೇ? ಲ್ಯಾಂಗ್‌ಮ್ಯೂರ್ ಅವರಿಗೆ ಹೇಳುವ ಆಸೆ. ಕಂಪನಿಯ ವಕೀಲರಿಗೆ ಭಯ, ರಸ್ತೆ ಮುಚ್ಚಿದ ಊರಿನವರೆಲ್ಲ ಪರಿಹಾರ ಕೇಳಿದರೆ? ಹಾಗಾಗಿ 1947ರ ಆರಂಭದಲ್ಲಿ ಪ್ರಾಜೆಕ್ಟ್ ಸಿರಸ್ ಹುಟ್ಟಿತು. ಭೂಸೇನೆ ಮತ್ತು ನೌಕಾಪಡೆ ಹಣ ಹಾಕಿದವು, ವಾಯುಪಡೆ ವಿಮಾನ ಕೊಟ್ಟಿತು. ಹಾರಾಟವೆಲ್ಲ ಸರ್ಕಾರದ್ದು, ಕಂಪನಿಯವರು ಸಲಹೆಗೆ ಮಾತ್ರ ಅಂತ ಕಾಗದದ ಮೇಲೆ ಬರೆದುಕೊಂಡರು.

ಸಿರಸ್‌ನ ಕೆಲವು ಹಾರಾಟಗಳು ನಿಜಕ್ಕೂ ಸುಂದರ. ಹಾಸಿಗೆಯಂತೆ ಹರಡಿದ ಮೋಡದ ಮೇಲೆ ಓಟದ ಮೈದಾನದ ಆಕಾರದಲ್ಲಿ ಒಂದು ಸುತ್ತು ಬಿತ್ತಿದರು. ಸ್ವಲ್ಪ ಹೊತ್ತಿಗೆ ಅದೇ ಆಕಾರದಲ್ಲಿ ಮೋಡ ಕತ್ತರಿಸಿದಂತೆ ತೆರೆದುಕೊಂಡಿತು, ಕೆಳಗಿನ ನೆಲ ಕಂಡಿತು. 1948ರ ನವೆಂಬರಿನ ಆ ಫೋಟೊ ನನ್ನ ಮೇಜಿನ ಗಾಜಿನ ಕೆಳಗೆ ಇದೆ. ಅದನ್ನು ನೋಡಿದಾಗೆಲ್ಲ ನನಗೆ ಅನ್ನಿಸುವುದು ಒಂದೇ. ಈ ಚಿತ್ರಕ್ಕೆ ಸಾಕ್ಷಿ ಯಾಕೆ ಬೇಡ? ಬಿತ್ತಿದ ಪಟ್ಟಿಯ ಪಕ್ಕದಲ್ಲೇ ಬಿತ್ತದ ಮೋಡ ಹಾಗೇ ಇದೆ. ಹೋಲಿಕೆ ಚಿತ್ರದೊಳಗೇ ಇದೆ.

ಚಂಡಮಾರುತಕ್ಕೆ ಅಂಥ ಪಕ್ಕ ಎಲ್ಲಿದೆ?

1947ರ ಅಕ್ಟೋಬರ್ 13. ಫ್ಲಾರಿಡಾ ದಾಟಿದ ಒಂದು ಚಂಡಮಾರುತ ಅಟ್ಲಾಂಟಿಕ್ ಸಾಗರದ ಮೇಲೆ ಈಶಾನ್ಯಕ್ಕೆ, ದಡದಿಂದ ದೂರ ಹೋಗುತ್ತಿತ್ತು. ಯಾರಿಗೂ ತೊಂದರೆ ಇಲ್ಲ, ಪರೀಕ್ಷೆಗೆ ಒಳ್ಳೆಯದು ಅಂದುಕೊಂಡರು. ಬಿ-17 ಬಾಂಬರ್ ವಿಮಾನದಿಂದ ಒಟ್ಟು ಸುಮಾರು 80 ಕೆ.ಜಿ. ಡ್ರೈ ಐಸ್ ಹಾಕಿದರು. ಆಮೇಲೆ ಬಿರುಗಾಳಿ ಪಶ್ಚಿಮಕ್ಕೆ ತಿರುಗಿತು. 15ರಂದು ಜಾರ್ಜಿಯಾದ ಸವಾನಾ ಬಳಿ ದಡಕ್ಕೆ ಬಡಿಯಿತು. ಜನ ಸಿಟ್ಟಾದರು, ಯಾಕೆ ಆಗಬಾರದು? ತಿರುಗಿಸಿದ್ದು ನಾವೇ ಅಂತ ಲ್ಯಾಂಗ್‌ಮ್ಯೂರ್ ಗಟ್ಟಿಯಾಗಿ ನಂಬಿದರು. ಹವಾಮಾನ ಇಲಾಖೆಯವರು ಆಮೇಲೆ ಕೂತು ಗಾಳಿಯ ದಾಖಲೆ ತೆಗೆದರು. ತಿರುವು ಬಿತ್ತನೆಗೆ ಮೊದಲೇ ಶುರುವಾಗಿತ್ತು. 1906ರಲ್ಲಿ ಬಂದ ಒಂದು ಬಿರುಗಾಳಿಯೂ ಹೆಚ್ಚು ಕಡಿಮೆ ಇದೇ ದಾರಿ ಹಿಡಿದಿತ್ತು, ಆಗ ಯಾವ ವಿಮಾನವೂ ಇರಲಿಲ್ಲ.

ನ್ಯೂ ಮೆಕ್ಸಿಕೊದ್ದು ಇನ್ನೂ ದೊಡ್ಡ ಮಾತು. 1949ರ ಡಿಸೆಂಬರಿನಿಂದ ಅಲ್ಲಿನ ಸೊಕೊರೊ ಬಳಿ, ವಾರದ ಗೊತ್ತಾದ ದಿನಗಳಲ್ಲಿ ಸಿಲ್ವರ್ ಅಯೋಡೈಡ್ ಹೊಗೆ ಬಿಟ್ಟರು. ಸಾವಿರಕ್ಕೂ ಹೆಚ್ಚು ಕಿ.ಮೀ. ಆಚೆಯ ಓಹಾಯೊ ನದಿಯ ಸೀಮೆಯಲ್ಲಿ ಮಳೆ ಏಳು ದಿನಕ್ಕೊಮ್ಮೆ ಏರಿಳಿಯುತ್ತಿದೆ, ಇದು ನಮ್ಮ ಹೊಗೆಯ ತಾಳ ಅಂದರು ಲ್ಯಾಂಗ್‌ಮ್ಯೂರ್. ಹಳೆಯ ದಾಖಲೆ ತೆಗೆದು ನೋಡಿದರೆ, ಯಾರೂ ಹೊಗೆ ಬಿಡದ ವರ್ಷಗಳಲ್ಲೂ ಅಂಥ ಏಳು ದಿನದ ತಾಳ ಆಗಾಗ ಬಂದಿತ್ತು. ಅವರು ಒಪ್ಪಲಿಲ್ಲ. 1957ರಲ್ಲಿ ತೀರಿಕೊಳ್ಳುವ ತನಕ ಒಪ್ಪಲಿಲ್ಲ. ಅವರನ್ನು ಹಗುರವಾಗಿ ನೋಡಲು ನನ್ನಿಂದಾಗದು. ಪ್ರಯೋಗಾಲಯದಲ್ಲಿ ಅವರಷ್ಟು ಶಿಸ್ತಿನ ಮನುಷ್ಯರು ಕಡಿಮೆ. ಆಕಾಶದ ಎದುರು ನಿಂತಾಗ ಮಾತ್ರ ನಮ್ಮಜ್ಜಿಯ ಮನಸ್ಸು ಅವರಲ್ಲೂ ಎದ್ದು ಕೂತಿತು. ಬಂದ ಮಳೆ ಕಣ್ಣಿಗೆ ಕಾಣುತ್ತದೆ. ತಾನಾಗಿಯೇ ಬರುತ್ತಿದ್ದ ಮಳೆ ಕಾಣುವುದಿಲ್ಲ.

1950ರಲ್ಲಿ ನ್ಯೂಯಾರ್ಕ್ ನಗರದ ಜಲಾಶಯಗಳು ಬತ್ತಿದಾಗ ಇದು ಕೋರ್ಟಿಗೂ ಹೋಯಿತು. ನಗರ ವಾಲೆಸ್ ಹೊವೆಲ್ ಎಂಬ ಹವಾಮಾನ ತಜ್ಞರನ್ನು ಕರೆಸಿ ಕ್ಯಾಟ್ಸ್‌ಕಿಲ್ ಬೆಟ್ಟಗಳ ಮೇಲೆ ಬಿತ್ತಿಸಿತು. ಬೆಟ್ಟದಲ್ಲಿ ಪ್ರವಾಸಿಗರ ವಸತಿಗೃಹ ನಡೆಸುತ್ತಿದ್ದವರು ಮಳೆ ಬಂದರೆ ನಮ್ಮ ಹೊಟ್ಟೆಪಾಡೇನು ಅಂತ ತಡೆ ಕೇಳಿದರು. ಲಕ್ಷಾಂತರ ಜನರ ಕುಡಿಯುವ ನೀರೇ ದೊಡ್ಡದು ಅಂತ ನ್ಯಾಯಾಲಯ ತಡೆ ಕೊಡಲಿಲ್ಲ. ಆಮೇಲೆ ಮಳೆ ಬಂತು, ನೆರೆಯೂ ಬಂತು. ನಗರದ ಮೇಲೆ ನೂರಕ್ಕೂ ಹೆಚ್ಚು ಪರಿಹಾರದ ಅರ್ಜಿಗಳು ಬಿದ್ದವು.

ಈಗ ಸ್ವಲ್ಪ ಹೊಲಕ್ಕೆ ಬರೋಣ. ಇಲ್ಲಿ ಅರ್ಧಕ್ಕರ್ಧ ಜನ ರೈತರು ಇದ್ದೀರಿ, ನನಗಿಂತ ಚೆನ್ನಾಗಿ ಗೊತ್ತು. ಹೊಸ ಗೊಬ್ಬರ ತಂದರೆ ಏನು ಮಾಡುತ್ತೀರಿ? ಇಡೀ ಹೊಲಕ್ಕೆ ಹಾಕಿ ಬೆಳೆ ಚೆನ್ನಾಗಿ ಬಂದರೆ ಗೊಬ್ಬರದ್ದೋ, ಮಳೆಯದ್ದೋ, ಹೇಗೆ ಹೇಳುವುದು? ನಾಲ್ಕು ಸಾಲು ಹಾಕದೆ ಬಿಡಬೇಕು. ಅದೂ ಒಡ್ಡಿನ ಪಕ್ಕದ ಕಲ್ಲು ನೆಲದ ಸಾಲು ಬಿಟ್ಟರೆ ಗೊಬ್ಬರ ಗೆದ್ದ ಹಾಗೇ ಕಾಣುತ್ತದೆ. ಯಾವ ಸಾಲು ಅನ್ನುವುದನ್ನು ನಮ್ಮ ಮನಸ್ಸು ಆರಿಸಬಾರದು, ಚೀಟಿ ಎತ್ತಬೇಕು. ಇದನ್ನು ಶಾಸ್ತ್ರ ಮಾಡಿದವರು ರೊನಾಲ್ಡ್ ಫಿಷರ್, 1919ರಿಂದ ಇಂಗ್ಲೆಂಡಿನ ರಾತಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂತು. ಹೊಲದಲ್ಲಿ ಹುಟ್ಟಿದ ಈ ಚೀಟಿಯನ್ನು ಆಕಾಶಕ್ಕೆ ಒಯ್ಯಬೇಕಾಗಿತ್ತು. ಮಳೆಗೆ ತಯಾರಾದ ಮೋಡ ಸಿಕ್ಕಿದಾಗ ಚೀಟಿ ಎತ್ತುವುದು. ಬಿತ್ತು ಅಂತ ಬಂದರೆ ಬಿತ್ತುವುದು. ಬೇಡ ಅಂತ ಬಂದರೆ ಎಷ್ಟೇ ಒಳ್ಳೆಯ ಮೋಡವಾದರೂ ಬಿಟ್ಟು, ಅದರ ಮಳೆಯನ್ನೂ ಅಷ್ಟೇ ಶ್ರದ್ಧೆಯಿಂದ ಅಳೆಯುವುದು. ಒಂದೇ ದಿನ ಅಕ್ಕಪಕ್ಕದ ಎರಡು ಮೋಡಗಳಲ್ಲಿ ಒಂದು ಸುರಿಯುತ್ತದೆ, ಒಂದು ಸುರಿಯುವುದಿಲ್ಲ. ಇಷ್ಟು ಏರುಪೇರಿನ ನಡುವೆ ನೂರಕ್ಕೆ ಹತ್ತೋ ಹದಿನೈದೋ ಹೆಚ್ಚಾಗಿದ್ದನ್ನು ಹಿಡಿಯಬೇಕಾದರೆ ಒಂದೆರಡು ಹಾರಾಟ ಸಾಲದು, ನೂರಾರು ಮೋಡ ಬೇಕು, ವರ್ಷಗಳು ಬೇಕು.

ಚೀಟಿ ಎತ್ತಲು ಶುರು ಮಾಡಿದ ಮೇಲೆ ಬಂದ ಉತ್ತರಗಳು ಕಹಿಯಾಗಿದ್ದವು. ಷಿಕಾಗೊ ವಿಶ್ವವಿದ್ಯಾಲಯದವರು 1960ರಿಂದ 64ರ ತನಕ ಮಿಸೌರಿಯಲ್ಲಿ ವೈಟ್‌ಟಾಪ್ ಎಂಬ ಪ್ರಯೋಗ ನಡೆಸಿದರು. ಬಿತ್ತಿದ ದಿನಗಳಲ್ಲೇ ಮಳೆ ಕಡಿಮೆ ಬಿದ್ದಿತ್ತು. ಇಸ್ರೇಲಿನ ಮೊದಲ ಪ್ರಯೋಗ 1960ರ ದಶಕದಲ್ಲಿ 15% ಹೆಚ್ಚಳ ತೋರಿಸಿ ಜಗತ್ತಿಗೆ ಆಸೆ ಹುಟ್ಟಿಸಿತ್ತು. ಅಲ್ಲಿಯೇ 2013ರ ನಂತರ ಮತ್ತೆ ಚೀಟಿ ಎತ್ತಿ ನಡೆಸಿದ ಪ್ರಯೋಗದಲ್ಲಿ 2% ಕೂಡ ಸಿಗಲಿಲ್ಲ.

ಚಂಡಮಾರುತದ ಬಲ ತಗ್ಗಿಸಲು ಪ್ರಾಜೆಕ್ಟ್ ಸ್ಟಾರ್ಮ್‌ಫ್ಯೂರಿ ಬಂತು, 1962ರಿಂದ 1983ರ ತನಕ. ಸವಾನಾದ ಪೆಟ್ಟು ಅವರಿಗೆ ಮರೆತಿರಲಿಲ್ಲ. ಒಂದು ದಿನದೊಳಗೆ ಜನವಸತಿಯ ದಡದ ಹತ್ತಿರ ಬರುವ ಸಾಧ್ಯತೆ 10%ಗಿಂತ ಹೆಚ್ಚಿದ್ದರೆ ಆ ಬಿರುಗಾಳಿಯನ್ನು ಮುಟ್ಟಬಾರದು ಅಂತ ನಿಯಮ ಮಾಡಿಕೊಂಡರು. ಅಂಥದ್ದು ಸಿಗುವುದೇ ಅಪರೂಪವಾಯಿತು. ಯೋಜನೆಗೆ ಮೊದಲಿನ 1961ರದ್ದೂ ಸೇರಿ ಬಿತ್ತಿದ್ದು ನಾಲ್ಕೇ ಬಿರುಗಾಳಿ. 1969ರ ಆಗಸ್ಟಿನಲ್ಲಿ ಡೆಬಿ ಎಂಬುದರ ಗಾಳಿ ಒಂದು ದಿನ 31% ಇಳಿಯಿತು. ಎಲ್ಲರೂ ಕುಣಿದರು. ಆಮೇಲೆ ಬಿತ್ತದ ಬಿರುಗಾಳಿಗಳನ್ನು ಹತ್ತಿರದಿಂದ ನೋಡಿದಾಗ ಅವೂ ತಾವಾಗಿಯೇ ಹೀಗೆ ಏರಿ ಇಳಿಯುತ್ತವೆ, ಕಣ್ಣಿನ ಸುತ್ತಲಿನ ಗೋಡೆ ಕಳಚಿ ಹೊಸದು ಕಟ್ಟಿಕೊಳ್ಳುತ್ತವೆ ಅಂತ ಗೊತ್ತಾಯಿತು. ಹೆಪ್ಪಿಗೆ ಬೇಕಾದ ತಂಪು ನೀರೂ ಅವುಗಳೊಳಗೆ ತೀರ ಕಡಿಮೆ. ಯೋಜನೆ ನಿಂತಿತು. ಅದಕ್ಕಾಗಿ ಕೊಂಡ ಎರಡು ಪಿ-3 ವಿಮಾನಗಳು ಮಾತ್ರ ದಶಕಗಳ ಕಾಲ ಬಿರುಗಾಳಿಯ ಹೊಟ್ಟೆಗೆ ನುಗ್ಗಿ ಅಳತೆ ತಂದವು. ಆ ಅಳತೆಯಿಂದ ಸುಧಾರಿಸಿದ ಮುನ್ಸೂಚನೆ ಎಷ್ಟು ಜೀವ ಉಳಿಸಿದೆಯೋ.

ಯುದ್ಧಕ್ಕೂ ಇದನ್ನು ಬಳಸಿದರು ಅನ್ನುವುದನ್ನು ಹೇಳದೆ ಮುಂದೆ ಹೋಗಲಾರೆ. 1967ರಿಂದ 72ರ ನಡುವೆ, ವಿಯೆಟ್ನಾಮ್ ಯುದ್ಧದಲ್ಲಿ ಶತ್ರು ಸೇನೆಗೆ ಸಾಮಾನು ಸಾಗುತ್ತಿದ್ದ ಹೋ ಚಿ ಮಿನ್ ದಾರಿಯನ್ನು ಕೆಸರು ಮಾಡಲು ಅಮೆರಿಕ ಗುಟ್ಟಾಗಿ 2,602 ಬಾರಿ ಮೋಡ ಬಿತ್ತನೆಯ ಹಾರಾಟ ನಡೆಸಿತು. ಅದು ಹೊರಬಿದ್ದ ಮೇಲೆ, ಹವಾಮಾನವನ್ನು ಯುದ್ಧದ ಆಯುಧ ಮಾಡಬಾರದು ಅನ್ನುವ ಅಂತರರಾಷ್ಟ್ರೀಯ ಒಪ್ಪಂದ 1978ರಲ್ಲಿ ಜಾರಿಗೆ ಬಂತು.

ನಮ್ಮ ದೇಶದ ಕತೆಗೆ ಬರುತ್ತೇನೆ. ನಮ್ಮ ಮುಂಗಾರಿನ ಮೋಡಗಳಲ್ಲಿ ಬಹಳಷ್ಟು ಬೆಚ್ಚನೆಯವು. ಸೊನ್ನೆ ಡಿಗ್ರಿ ಸಿಗುವುದು ಸುಮಾರು 5 ಕಿ.ಮೀ. ಎತ್ತರದಲ್ಲಿ, ಅನೇಕ ಮೋಡಗಳ ತಲೆ ಅಲ್ಲಿಗೆ ಮುಟ್ಟುವುದೇ ಇಲ್ಲ. ಅವಕ್ಕೆ ಮಂಜಿನ ಹೆಪ್ಪು ಉಪಯೋಗವಿಲ್ಲ. ಅಲ್ಲಿ ಉಪ್ಪು ಬೇಕು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುವುದಿಲ್ಲವೇ, ಅದೇ ಗುಣ. ಉಪ್ಪಿನ ಕಣ ನೀರೆಳೆದು ದೊಡ್ಡ ಹನಿಯಾಗುತ್ತದೆ, ಬೀಳುತ್ತಾ ಸಣ್ಣ ಹನಿಗಳನ್ನು ನುಂಗುತ್ತದೆ. 1951ರಲ್ಲಿ ಟಾಟಾ ಸಂಸ್ಥೆಯವರು ಪಶ್ಚಿಮ ಘಟ್ಟದಲ್ಲಿ ನೆಲದಿಂದ ಸಿಲ್ವರ್ ಅಯೋಡೈಡ್ ಹೊಗೆ ಬಿಟ್ಟು ನೋಡಿದ್ದರು. ಆಮೇಲೆ ದೆಹಲಿ, ಆಗ್ರಾ, ಜೈಪುರಗಳಲ್ಲಿ ಉಪ್ಪಿನ ಪ್ರಯೋಗಗಳು ನಡೆದವು. 1975ರಲ್ಲಿ ನಮ್ಮ ಲಿಂಗನಮಕ್ಕಿ ಜಲಾನಯನದ ಮೇಲೂ ವಿಮಾನದಿಂದ ಉಪ್ಪು ಬಿತ್ತಿದ್ದರು, ಶರಾವತಿಯ ವಿದ್ಯುತ್ತಿಗಾಗಿ.

ನನಗೆ ಹೆಮ್ಮೆ ಅನ್ನಿಸುವುದು ಬಾರಾಮತಿಯ ಪ್ರಯೋಗ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಘಟ್ಟದ ಮರೆಯ ಆ ಒಣ ಸೀಮೆಯಲ್ಲಿ 1973ರಿಂದ 1986ರ ನಡುವೆ 11 ಮಳೆಗಾಲ ಡಿಸಿ-3 ವಿಮಾನದಲ್ಲಿ ಉಪ್ಪು ಹೊತ್ತು ಹಾರಿದರು. ಉಪ್ಪು ಹೆಂಟೆಗಟ್ಟದಿರಲಿ ಅಂತ ಬಳಪದ ಕಲ್ಲಿನ ಪುಡಿ ಬೆರೆಸುತ್ತಿದ್ದರು. ಎರಡು ಪ್ರದೇಶ, ನಡುವೆ ಬಿತ್ತದ ಪಟ್ಟಿ. ಇವತ್ತು ಯಾವ ಪ್ರದೇಶ ಅನ್ನುವುದನ್ನು ಚೀಟಿಯೇ ಹೇಳಬೇಕು. 24% ಹೆಚ್ಚು ಮಳೆ ಕಂಡಿತು. ಅದೇ ಸಂಸ್ಥೆ 2018 ಮತ್ತು 2019ರಲ್ಲಿ ನಮ್ಮ ವಿಜಯಪುರಕ್ಕೆ ಅಂಟಿಕೊಂಡಿರುವ ಸೊಲ್ಲಾಪುರದಲ್ಲಿ ಮತ್ತೆ ಮಾಡಿತು. 276 ಮೋಡ, ಬಿತ್ತಿದವೂ ಬಿಟ್ಟವೂ ಸೇರಿ. ಸರಾಸರಿ 18% ಹೆಚ್ಚಳ, ಕೆಲವು ಜಾಗದಲ್ಲಿ 46% ತನಕ. ನೆಲದ ಮೇಲೆ ಇಲ್ಲಿನದೇ ಗಾಳಿ, ಇಲ್ಲಿನದೇ ಮೋಡ. ನಮಗೆ ಅಮೆರಿಕದ ಲೆಕ್ಕಕ್ಕಿಂತ ಸೊಲ್ಲಾಪುರದ ಲೆಕ್ಕವೇ ಹತ್ತಿರದ್ದು.

ಇನ್ನು ನಮ್ಮ ಸರ್ಕಾರ ಮಾಡಿದ್ದು. 2003ರ ಬರದಲ್ಲಿ ವರುಣ, 2017ರಲ್ಲಿ ವರ್ಷಧಾರೆ. ವರುಣದ ವರ್ಷವೇ, ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಅಲ್ಲಿನ ಅರ್ಧ ಶತಮಾನದ ಅನುಭವ ತೂಗಿ ನೋಡಿ, ಬಿತ್ತನೆಯಿಂದ ಮಳೆ ಹೆಚ್ಚುತ್ತದೆ ಅನ್ನಲು ಒಪ್ಪುವಂಥ ಪುರಾವೆ ಇನ್ನೂ ಇಲ್ಲ ಅಂತ ವರದಿ ಕೊಟ್ಟಿತ್ತು. ನಮ್ಮವು ಪ್ರಯೋಗವಲ್ಲ, ಪರಿಹಾರ ಕಾರ್ಯ. ಬರದಲ್ಲಿ ಕೂತ ಜನಕ್ಕೆ ಅರ್ಧ ಮೋಡ ಬಿಟ್ಟುಬಿಡುತ್ತೇವೆ ಅಂತ ಯಾವ ಮಂತ್ರಿ ಹೇಳಿಯಾರು? ಆ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಇದನ್ನು ನೋಡಿ. 2017ರ ಆಗಸ್ಟ್ 15ರ ನಸುಕಿನಲ್ಲಿ ಬೆಂಗಳೂರಿನ ರಸ್ತೆಗಳೆಲ್ಲ ತುಂಬಿ ಹರಿಯುವಂಥ ಮಳೆ. ವರ್ಷಧಾರೆಯ ವಿಮಾನಕ್ಕೆ ಜಕ್ಕೂರಿನಲ್ಲಿ ಚಾಲನೆ ಸಿಕ್ಕಿದ್ದು ಆಗಸ್ಟ್ 21ರಂದು. ಆ ಮಳೆ ಒಂದೇ ಒಂದು ವಾರ ತಡವಾಗಿ ಬಂದಿದ್ದರೆ? ಇವತ್ತಿಗೂ ನಾವೆಲ್ಲ ಅದನ್ನು ವಿಮಾನದ ಲೆಕ್ಕಕ್ಕೇ ಬರೆಯುತ್ತಿದ್ದೆವು.

ಕೊನೆಯದಾಗಿ ಒಂದು ಹಾರಾಟ. 2017ರ ಜನವರಿ, ಅಮೆರಿಕದ ಇಡಾಹೊ ರಾಜ್ಯದ ಪೇಯೆಟ್ ನದಿಯ ಬೆಟ್ಟಗಳು. ಒಂದು ವಿಮಾನ ಗಾಳಿಗೆ ಅಡ್ಡಲಾಗಿ ಅತ್ತಿಂದಿತ್ತ ಹಾರುತ್ತಾ ಸಿಲ್ವರ್ ಅಯೋಡೈಡ್ ಬಿತ್ತಿತು. ಇನ್ನೊಂದು ವಿಮಾನ ಮೋಡದ ಒಳಗಿಂದ, ಬೆಟ್ಟದ ತುದಿಯ ರೇಡಾರುಗಳು ನೆಲದಿಂದ ನೋಡುತ್ತಿದ್ದವು. ಸ್ವಲ್ಪ ಹೊತ್ತಿನಲ್ಲಿ ರೇಡಾರಿನ ಪರದೆಯ ಮೇಲೆ ಅಂಕುಡೊಂಕಾದ ಗೆರೆಗಳು ಎದ್ದವು. ವಿಮಾನ ಹಾರಿದ ದಾರಿಯ ಅದೇ ಅಂಕುಡೊಂಕು. ಗೆರೆಗಳ ನಡುವೆ ಬಿತ್ತದ ಮೋಡ ಖಾಲಿ. ಓಟದ ಮೈದಾನದ ಆ ಹಳೆಯ ಫೋಟೊದಂತೆಯೇ ಹೋಲಿಕೆ ಚಿತ್ರದೊಳಗೇ ಇತ್ತು, ಈ ಸಲ ಹಿಮ ನೆಲಕ್ಕೂ ಇಳಿಯಿತು. ಮೂರು ದಿನದ ಬಿತ್ತನೆಯಿಂದ ಬಂದ ನೀರನ್ನೂ ಅಳೆದರು. ಸುಮಾರು 1.2 ಲಕ್ಷ, 2.4 ಲಕ್ಷ, 3.4 ಲಕ್ಷ ಘನ ಮೀಟರ್. ಶೇಫರ್ ತೀರಿಕೊಂಡದ್ದು 1993ರಲ್ಲಿ. ಅವರು ಇದನ್ನು ನೋಡಬೇಕಿತ್ತು.

ಮಾತು ಮುಗಿಸಿ ಕೂತ ಮೇಲೆ ಆ ಹಿರಿಯರೇ ಮೊದಲು ಎದ್ದರು. ಸಭಿಕರ ಪ್ರಶ್ನೆಗಳಲ್ಲಿ ಇದೊಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

"ಚೀಟಿ ಎತ್ತೂದು ಖರೇ ಐತ್ರಿ ಸರ, ಒಪ್ಪಿದೆ. ಆದ್ರ ಬಿತ್ತಬ್ಯಾಡ ಅಂತ ಬಂದ ಮೋಡ ನನ್ನ ಹೊಲದ ಮ್ಯಾಲಿಂದಾದ್ರ?"

ನಾನು ಹೇಳಿದೆ, "ಅಜ್ಜಾರೆ, ಅದು ನಿಮಗೆ ಕಷ್ಟವೇ. ನೂರಕ್ಕೆ ಹದಿನೆಂಟು ನಿಮಗೆ ಸಿಗದೇ ಹೋಗಬಹುದು. ಅಷ್ಟು ಸಿಗುತ್ತಿತ್ತೋ ಇಲ್ಲವೋ ಅನ್ನುವುದು ಆ ಮೋಡವನ್ನು ಬಿಟ್ಟರೆ ಮಾತ್ರ ಗೊತ್ತಾಗುವುದು. ಹಾಗಾಗಿ ನಿಮ್ಮನ್ನು ಕೇಳಿ, ನಿಮಗೆ ತಿಳಿಸಿ ಬಿಡಬೇಕು. ಆ ಸೀಸನ್ನಿನ ಬೆಳೆ ನಷ್ಟಕ್ಕೆ ಪರಿಹಾರವನ್ನೂ ಮೊದಲೇ ಎತ್ತಿಡಬೇಕು."

"ಕೇಳಿದ್ರ ಬಿಡ್ತೀನ್ರಿ," ಅಂದರು ಅವರು. "ಅಳಿಯೂ ಡಬ್ಬಿ ನನ್ನ ಹೊಲದಾಗೂ ಒಂದು ಇಡಸ್ರಿ. ನಾನ ದಿನಾ ಬರದ ಇಡ್ತೀನಿ."